ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತಾ? ಮೆದುಳಿನ ನೀರುಗಂಟಿಗೆ ಹತ್ತು ಸೆಕೆಂಡ್ ಟೈಮ್ ಕೊಡಿ

ಹೋದ ವರ್ಷ ಹೆಲ್ತ್ ಚೆಕಪ್ ಮಾಡಿಸೋಣ ಅಂತ ಬೆಳಗ್ಗೆ ಬೆಳಗ್ಗೆಯೇ ಒಂದು ಲ್ಯಾಬಿಗೆ ಹೋಗಿದ್ದೆ. ಖಾಲಿ ಹೊಟ್ಟೆ, ಕಾಫಿ ಕೂಡ ಇಲ್ಲ. ಮುಕ್ಕಾಲು ಗಂಟೆ ಕ್ಯೂನಲ್ಲಿ ನಿಂತ ಮೇಲೆ ಕುರ್ಚಿ ಸಿಕ್ಕಿತು. ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದರು, ಸೂಜಿ ಚುಚ್ಚಿದರು. ನೋವೇನೂ ಆಗಲಿಲ್ಲ. ಟ್ಯೂಬಿನಲ್ಲಿ ರಕ್ತ ಏರುವುದನ್ನು ಸುಮ್ನೆ ನೋಡಿದೆ, ಅಷ್ಟೇ ನಾನು ಮಾಡಿದ ತಪ್ಪು. ಬಾಯಲ್ಲಿ ನೀರೂರಿತು, ಹಣೆ ತಣ್ಣಗೆ ಬೆವರಿತು, ಪಕ್ಕದವರ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳಿಸಿತು. ಆಮೇಲೆ ಕಂಡದ್ದು ಸೀಲಿಂಗ್ ಫ್ಯಾನು. "ಇಷ್ಟು ದೊಡ್ಡ ಆಳು, ಇಷ್ಟಕ್ಕೇ ಬಿದ್ಬಿಟ್ರಾ ಸಾರ್" ಅಂತ ಸಿಸ್ಟರ್ ನಗುತ್ತಿದ್ದರು.

ಅದಾದ ಎರಡು ತಿಂಗಳಿಗೆ ಅಪ್ಪ ಬಿದ್ದರು. ಅದು ನಗುವ ಕಥೆ ಅಲ್ಲ. ರಾತ್ರಿ ಎರಡು ಗಂಟೆಗೆ ಒಂದಕ್ಕೆ ಹೋಗಬೇಕು ಅಂತ ಮಂಚದಿಂದ ಸರಕ್ಕನೆ ಎದ್ದವರು ಬಾತ್‌ರೂಮ್ ಬಾಗಿಲ ಹತ್ತಿರ ಕುಸಿದರು, ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಅಮ್ಮ ಬೆಳಗ್ಗೆ ಎದ್ದವಳೇ ಒಣಮೆಣಸಿನಕಾಯಿ ತಂದು ದೃಷ್ಟಿ ತೆಗೆದಳು. ನಾನು ಓದೋಕೆ ಕೂತೆ. ಡಾಕ್ಟರನ್ನೂ ಬಿಡದೆ ಕೇಳಿದೆ. ಹಾಗೆ ತಿಳಿದುಕೊಂಡಿದ್ದನ್ನ, ಮನೆಯಲ್ಲಿ ಮಾಡಿ ನೋಡಿ ಪ್ರಯೋಜನ ಆಗಿದ್ದನ್ನ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಅದನ್ನ ತಲೆಯಲ್ಲಿ ಇಟ್ಟುಕೊಂಡೇ ಓದಿ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ

ನಮ್ಮ ಕಡೆ ಕೆರೆ ಇರುವ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ಯಾವ ತೂಬು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು, ಎಲ್ಲ ಅವನದೇ ಲೆಕ್ಕ. ಗೌಡರನ್ನ ಕೇಳಿಕೊಂಡು ಬಂದು ತೂಬು ಎತ್ತುತ್ತಿರಲಿಲ್ಲ. ನಿಮ್ಮ ತಲೆಯಲ್ಲೂ ಅಂಥ ಒಬ್ಬ ನೀರುಗಂಟಿ ಇದ್ದಾನೆ. ಮೆದುಳಿನ ಬುಡದಲ್ಲಿ, ಅದು ಬೆನ್ನುಹುರಿಗೆ ಸೇರುವ ಜಾಗದಲ್ಲಿ. ಸ್ಕೂಲಿನಲ್ಲಿ ಮಣಿಶಿರ ಅಂತ ಓದಿದ್ದೆವಲ್ಲ, ಡಾಕ್ಟರುಗಳು ಮೆಡುಲ್ಲಾ ಅನ್ನುತ್ತಾರೆ, ಅದೇ.

ಅವನ ಕೈಯಲ್ಲಿ ಎರಡು ಹಗ್ಗ. ಒಂದು ವೇಗಸ್ ನರ. ಇದು ಎದೆಗೆ ಬ್ರೇಕ್ ಇದ್ದ ಹಾಗೆ. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ 100ರ ಹತ್ತಿರ ಬಡಿಯುತ್ತದೆ. ಸುಮ್ಮನೆ ಕೂತಾಗ ನಿಮ್ಮದು 70 ಇದೆ ಅಂದರೆ ವೇಗಸ್ ಇಡೀ ದಿನ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇದೆ ಅಂತ ಅರ್ಥ. ಇನ್ನೊಂದು ಸಿಂಪಥೆಟಿಕ್ ನರಗಳ ಜಾಲ. ಇದು ಹೃದಯವನ್ನು ಓಡಿಸುತ್ತದೆ, ಅದಕ್ಕಿಂತ ಮುಖ್ಯವಾಗಿ ರಕ್ತನಾಳಗಳನ್ನು ಬಿಗಿ ಮಾಡುತ್ತದೆ. ಅಂದರೆ ತೂಬು ಇಳಿಸುತ್ತದೆ. ಬೆವರು, ಕಣ್ಣಿನ ಪಾಪೆ, ಮೈ ಮೇಲೆ ಮುಳ್ಳೇಳುವುದು, ಎಲ್ಲದರಲ್ಲೂ ಇದರ ಕೈ ಇದೆ.

ನೀರುಗಂಟಿಗೆ ಸುದ್ದಿ ಎಲ್ಲಿಂದ ಬರುತ್ತದೆ? ಕತ್ತಿನಲ್ಲಿ, ದವಡೆಯ ಮೂಲೆಯ ಕೆಳಗೆ, ಮೆದುಳಿಗೆ ಹೋಗುವ ರಕ್ತನಾಳ ಎರಡಾಗಿ ಒಡೆಯುವ ಜಾಗದಲ್ಲಿ ನಾಳದ ಗೋಡೆ ಎಷ್ಟು ಹಿಗ್ಗಿದೆ ಅಂತ ಅಳೆಯುವ ನರದ ತುದಿಗಳಿವೆ. ಹೃದಯದಿಂದ ಹೊರಡುವ ದೊಡ್ಡ ನಾಳದ ಬಾಗಿನಲ್ಲೂ ಇವೆ. ಒತ್ತಡ ಜಾಸ್ತಿಯಾದರೆ ಇವು ಜೋರಾಗಿ ವರದಿ ಕಳಿಸುತ್ತವೆ, ಕಮ್ಮಿಯಾದರೆ ಸದ್ದು ಅಡಗುತ್ತದೆ. ಸದ್ದು ಅಡಗಿತು ಅಂದರೆ ನೀರುಗಂಟಿ ಎದ್ದು ಓಡುತ್ತಾನೆ.

ಮಣಿಶಿರದ ಮೇಲೆ ಹೈಪೋಥಲಾಮಸ್ ಅಂತ ಇನ್ನೊಂದು ಕಚೇರಿ ಇದೆ. ಮೈಬಿಸಿ, ಬಾಯಾರಿಕೆ, ಹಸಿವು ಅದರ ಖಾತೆ. ಅದಕ್ಕೂ ಮೇಲೆ ಭಯ, ನೆನಪು, ಯೋಚನೆ. ಅವೆಲ್ಲವೂ ಕೆಳಗಿನವನಿಗೆ ಕೂಗಿ ಹೇಳುತ್ತವೆ. ಇಂಟರ್‌ವ್ಯೂ ಅಂದ ಕೂಡಲೇ ಅಂಗೈ ಒದ್ದೆಯಾಗುವುದು, ಹೊಟ್ಟೆಯಲ್ಲಿ ತಳಮಳ ಆಗುವುದು ಅದಕ್ಕೇ.

1898ರಲ್ಲಿ ಕೇಂಬ್ರಿಡ್ಜಿನ ವಿಜ್ಞಾನಿ ಜಾನ್ ಲ್ಯಾಂಗ್ಲಿ ನೀರುಗಂಟಿಯ ಈ ನರಗಳ ವ್ಯವಸ್ಥೆಗೆ ಆಟೊನಾಮಿಕ್ ಅಂತ ಹೆಸರಿಟ್ಟರು, ನಾವು ಸ್ವಯಂಚಾಲಿತ ನರವ್ಯೂಹ ಅಂತ ಮಾಡಿಕೊಂಡೆವು. ನನ್ನನ್ನ ಕೇಳಿದರೆ ಆ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ, ನಮ್ಮ ಕೈಯಲ್ಲಿ ಏನೂ ಇಲ್ಲ ಅನ್ನಿಸಿಬಿಡುತ್ತದೆ. "ಎದೆಯೇ, ಸ್ವಲ್ಪ ನಿಧಾನ" ಅಂದರೆ ಅದು ಕೇಳಲ್ಲ, ನಿಜ. ಆದರೆ ನೀರುಗಂಟಿ ಕೆಲಸ ಮಾಡುವುದು ಬಂದ ಸುದ್ದಿಯ ಮೇಲೆ. ಆ ಸುದ್ದಿಯನ್ನ ನಾವು ಬದಲಾಯಿಸಬಹುದು. ಉಸಿರಿನಿಂದ, ಕಾಲಿನಿಂದ, ಎರಡು ಲೋಟ ನೀರಿನಿಂದ.

ಏಳುವಾಗ ಆಗುವುದು ಇಷ್ಟು

ಮಲಗಿದ್ದವರು ಎದ್ದು ನಿಂತರೆ ಅರ್ಧ ಲೀಟರಿನಷ್ಟು ರಕ್ತ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಹೊಟ್ಟೆಯ ಕೆಳಭಾಗಕ್ಕೂ ಕಾಲಿಗೂ ಇಳಿದುಬಿಡುತ್ತದೆ. ತಗ್ಗಿನ ಗದ್ದೆಗೆ ನೀರು ನುಗ್ಗಿದ ಹಾಗೆ. ಕತ್ತಿನಲ್ಲಿ ಒತ್ತಡ ಬೀಳುತ್ತದೆ, ಸದ್ದು ಅಡಗುತ್ತದೆ. ನೀರುಗಂಟಿ ಮೊದಲು ವೇಗಸ್ ಹಗ್ಗ ಸಡಿಲ ಬಿಡುತ್ತಾನೆ. ಇದು ಬಲು ಚುರುಕು, ಒಂದೆರಡು ಬಡಿತದೊಳಗೆ ಎದೆ ಜೋರಾಗುತ್ತದೆ. ತೂಬು ಇಳಿಸುವ ಕೆಲಸ ಮಾತ್ರ ನಿಧಾನ. ಕಾಲಿನ, ಹೊಟ್ಟೆಯ ನಾಳಗಳು ಬಿಗಿಯಾಗೋಕೆ ಹತ್ತಿರ ಹತ್ತಿರ 10 ಸೆಕೆಂಡ್ ಬೇಕು. ಕಣ್ಣು ಕತ್ತಲೆ ಬರುವುದು ಈ ಹತ್ತು ಸೆಕೆಂಡಿನ ಸಂದಿಯಲ್ಲಿ. ಮೆದುಳಿಗೆ ರಕ್ತ ಪೂರ್ತಿ ನಿಂತರೆ 6ರಿಂದ 8 ಸೆಕೆಂಡಿಗೆ ಎಚ್ಚರ ತಪ್ಪುತ್ತದೆ, ಆದ್ದರಿಂದ ಇದು ಸಣ್ಣ ಸಂದಿ ಏನಲ್ಲ.

ಇದನ್ನ ನೀವೇ ಕೈಯಲ್ಲಿ ಹಿಡಿದು ನೋಡಬಹುದು. ಐದು ನಿಮಿಷ ಮಲಗಿ, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟು ನಾಡಿ ಹಿಡಿಯಿರಿ. ಬೆರಳು ತೆಗೆಯದೆ ಎದ್ದು ನಿಲ್ಲಿ. ನಾಡಿ ಒಮ್ಮೆಲೇ ಟಕಟಕ ಓಡುತ್ತದೆ, ಅರ್ಧ ನಿಮಿಷದೊಳಗೆ ಸ್ವಲ್ಪ ಇಳಿದು ಒಂದು ಹದಕ್ಕೆ ಬರುತ್ತದೆ. ಆ ಓಟ ನೀರುಗಂಟಿಯದು. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತು, ನಲವತ್ತು ವರ್ಷದಿಂದ ದಿನಾ ಇಪ್ಪತ್ತು ಸಲ ಆಗುತ್ತಿದ್ದದ್ದನ್ನ ನಾನು ಗಮನಿಸಿಯೇ ಇರಲಿಲ್ಲ.

ತಲೆಸುತ್ತು ಇರುವವರು ಇದನ್ನ ಬಿಪಿ ಮಷೀನಿನ ಜೊತೆ ಮಾಡಬೇಕು, ಪಕ್ಕದಲ್ಲಿ ಒಬ್ಬರನ್ನ ಇಟ್ಟುಕೊಂಡು. ಐದು ನಿಮಿಷ ಮಲಗಿ ಒಂದು ಸಲ ಬಿಪಿ ನೋಡಿ. ಎದ್ದು ನಿಂತು ಒಂದು ನಿಮಿಷಕ್ಕೆ, ಮತ್ತೆ ಮೂರು ನಿಮಿಷಕ್ಕೆ ನೋಡಿ. ನಿಂತಾಗ ಪಟ್ಟಿ ಕಟ್ಟಿದ ಕೈಯನ್ನ ಎದೆಯ ಮಟ್ಟದಲ್ಲಿ ಯಾರಾದರೂ ಹಿಡಿದುಕೊಳ್ಳಲಿ, ಕೈ ಕೆಳಗೆ ಜೋತುಬಿಟ್ಟರೆ ಲೆಕ್ಕ ತಪ್ಪುತ್ತದೆ. ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ, ಇಲ್ಲವೇ ಕೆಳಗಿನದು 10 ಬಿದ್ದರೆ, ಚೀಟಿಯಲ್ಲಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ. ಅಪ್ಪನಿಗೆ ಮಲಗಿದ್ದಾಗ 148 ಇದ್ದದ್ದು ನಿಂತ ಮೇಲೆ 116 ಆಗಿತ್ತು. ಕ್ಲಿನಿಕ್ಕಿನಲ್ಲಿ ಯಾವಾಗಲೂ ಕೂರಿಸಿ ನೋಡುತ್ತಿದ್ದದ್ದರಿಂದ ಅದು ಯಾರಿಗೂ ಗೊತ್ತೇ ಆಗಿರಲಿಲ್ಲ.

ಇನ್ನೊಂದು ಥರದವರಿದ್ದಾರೆ, ಹೆಚ್ಚಾಗಿ ಚಿಕ್ಕ ವಯಸ್ಸಿನ ಹೆಣ್ಣುಮಕ್ಕಳು. ನಿಂತರೆ ಬಿಪಿ ಬೀಳಲ್ಲ, ಆದರೆ 10 ನಿಮಿಷದೊಳಗೆ ನಾಡಿ ಮೊದಲಿಗಿಂತ ನಿಮಿಷಕ್ಕೆ 30 ಬಡಿತ, ಇಲ್ಲವೇ ಅದಕ್ಕಿಂತ ಜಾಸ್ತಿ ಏರುತ್ತದೆ, ಸುಸ್ತು, ನಡುಕ, ತಲೆ ಭಾರ. ತಿಂಗಳುಗಟ್ಟಲೆ ಹೀಗೇ ನಡೆಯುತ್ತಿದ್ದರೆ ಅದಕ್ಕೆ ಪಾಟ್ಸ್ (POTS) ಅಂತ ಹೆಸರಿದೆ. "ಟೆನ್ಷನ್ ಮಾಡ್ಕೋಬೇಡಮ್ಮ" ಅಂತ ವಾಪಸ್ ಕಳಿಸಿಬಿಡುವವರೇ ಜಾಸ್ತಿ. ನಾಡಿ ಲೆಕ್ಕ ಬರೆದುಕೊಂಡು ಹೋದರೆ ಸುಮ್ಮನೆ ಕಳಿಸುವುದು ಕಷ್ಟ.

ಸರಿ, ಏನು ಮಾಡಬೇಕು

ಏಳುವ ಮುಂಚೆ ಕಾಲಿಗೆ ಕೆಲಸ ಕೊಡಿ. ಮೀನಖಂಡ ಅಂದರೆ ಬರೀ ಮಾಂಸ ಅಲ್ಲ, ಅದೊಂದು ಪಂಪು. ಬಿಗಿ ಮಾಡಿದಾಗಲೆಲ್ಲ ಕಾಲಿನ ರಕ್ತವನ್ನ ಮೇಲಕ್ಕೆ ಒತ್ತುತ್ತದೆ. ಮಲಗಿದಲ್ಲೇ ಪಾದ ಹತ್ತು ಸಲ ಮೇಲೆ ಕೆಳಗೆ ಮಾಡಿ. ಪಕ್ಕಕ್ಕೆ ಹೊರಳಿ ಮಂಚದ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಹಿಮ್ಮಡಿ ಎತ್ತಿ ಇಳಿಸಿ ಒಂದು ನಿಮಿಷ ಕಳೆಯಿರಿ. ಆಮೇಲೆ ಎದ್ದು, ಏನಾದರೂ ಹಿಡಿದುಕೊಂಡು, ಹತ್ತು ಎಣಿಸಿ, ಆಮೇಲೆ ಹೆಜ್ಜೆ. ಬಹಳ ಜನ ಎದ್ದ ಕೂಡಲೇ ಬೀಳಲ್ಲ, ಎದ್ದು ನಾಲ್ಕು ಹೆಜ್ಜೆ ಹಾಕಿ, ಹಿಡಿದುಕೊಳ್ಳೋಕೆ ಏನೂ ಇಲ್ಲದ ಜಾಗದಲ್ಲಿ ಬೀಳುತ್ತಾರೆ. ಅಪ್ಪನ ವಿಷಯದಲ್ಲಿ ಆಗಿದ್ದೂ ಅದೇ.

ರಾತ್ರಿ ಒಂದಕ್ಕೆ ಏಳುವ ಗಂಡಸರು ಕೂತು ಮಾಡಿ, ಇದರಲ್ಲಿ ನಾಚಿಕೆ ಏನಿಲ್ಲ. ತುಂಬಿದ ಮೂತ್ರಚೀಲ ಖಾಲಿಯಾಗುವಾಗಲೂ ರಕ್ತದ ಒತ್ತಡ ಇಳಿಯುತ್ತದೆ, ಅದರ ಮೇಲೆ ನಿಂತಿರುವುದು, ಅದರ ಮೇಲೆ ನಿದ್ದೆಗಣ್ಣು. ಮಂಚದ ತಲೆ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆಯೋ ಮರದ ತುಂಡೋ ಇಟ್ಟು 4ರಿಂದ 6 ಇಂಚು ಎತ್ತರ ಮಾಡಿದರೆ ರಾತ್ರಿ ಏಳುವುದೂ ಕಮ್ಮಿಯಾಗುತ್ತದೆ, ಬೆಳಗ್ಗೆ ಎದ್ದಾಗ ಬೀಳುವ ಬಿಪಿಯೂ ಕಮ್ಮಿಯಾಗುತ್ತದೆ. ದಿಂಬು ಜಾಸ್ತಿ ಹಾಕಿದರೆ ಆ ಪ್ರಯೋಜನ ಸಿಗಲ್ಲ, ಕತ್ತು ನೋವು ಬರುತ್ತದೆ ಅಷ್ಟೇ.

ನೀರು. ಎರಡು ದೊಡ್ಡ ಲೋಟ, ಸುಮಾರು ಅರ್ಧ ಲೀಟರ್, ನಾಲ್ಕೈದು ನಿಮಿಷದೊಳಗೆ ಕುಡಿದರೆ ಈ ನರಗಳು ದುರ್ಬಲವಾಗಿರುವವರಲ್ಲಿ ಬಿಪಿ ಚೆನ್ನಾಗಿಯೇ ಏರುತ್ತದೆ, ಅರ್ಧ ಗಂಟೆಯ ಹೊತ್ತಿಗೆ ತುದಿ ಮುಟ್ಟುತ್ತದೆ. ಬೆಳಗ್ಗೆ ಎದ್ದು ಓಡಾಡುವ ಮುಂಚೆ ಕುಡಿಯುವುದು ಒಳ್ಳೆಯದು. ಹೃದಯದ ತೊಂದರೆ, ಕಿಡ್ನಿ ತೊಂದರೆ ಇದ್ದು ನೀರು ಕಮ್ಮಿ ಕುಡಿಯಿರಿ ಅಂತ ಹೇಳಿಸಿಕೊಂಡವರು ಈ ಸಾಲು ಮರೆತುಬಿಡಿ. ಉಪ್ಪು ಜಾಸ್ತಿ ತಿನ್ನುವ ಸಲಹೆಯೂ ಎಲ್ಲೆಲ್ಲೋ ಓಡಾಡುತ್ತಿದೆ, ಬಿಪಿ ಇರುವವರು ಡಾಕ್ಟರನ್ನ ಕೇಳದೆ ಅದನ್ನ ಮಾಡಬೇಡಿ.

ಊಟ ಆದ ಮೇಲೆ ಹುಷಾರು. ಹಬ್ಬದ ದಿನ ನಾಲ್ಕು ಒಬ್ಬಟ್ಟು ತುಪ್ಪದಲ್ಲಿ ಅದ್ದಿ ತಿಂದ ಮೇಲೆ ನೀರುಗಂಟಿ ಹೊಟ್ಟೆಯ ತೂಬನ್ನ ಪೂರ್ತಿ ಎತ್ತಿರುತ್ತಾನೆ, ಮಿಕ್ಕ ಗದ್ದೆಗಳಿಗೆ ಹೊಂದಿಸಬೇಕು. ವಯಸ್ಸಾದವರಲ್ಲಿ ಆ ಹೊಂದಾಣಿಕೆ ತಡವಾಗುತ್ತದೆ, ಊಟವಾಗಿ ಒಂದೆರಡು ಗಂಟೆ ಬಿಪಿ ಬೀಳಬಹುದು. ಬಿಸಿ ಬಿಸಿ ನೀರಿನ ಸ್ನಾನದ ಕಥೆಯೂ ಇದೇ, ಅಲ್ಲಿ ಚರ್ಮದ ತೂಬು ತೆರೆದಿರುತ್ತದೆ. ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಹಂಡೆ ನೀರು ಸುರಿದುಕೊಂಡು ಎದ್ದ ಕೂಡಲೇ ತಲೆ ತಿರುಗಿದ್ದು ನೆನಪಿದೆಯಾ? ಅಜ್ಜಿ ಬಚ್ಚಲಲ್ಲಿ ಮಣೆ ಹಾಕಿ ಕೂರಿಸುತ್ತಿದ್ದದ್ದು ಸರಿಯೇ.

ಲ್ಯಾಬಿನಲ್ಲಿ ಬೀಳದೆ ಇರೋದು ಹೇಗೆ

ನನ್ನ ಕೇಸು ಬೇರೆ ಜಾತಿಯದು. ಅಪ್ಪನ ನೀರುಗಂಟಿ ತಡ ಮಾಡಿದ, ನನ್ನವನು ಉಲ್ಟಾ ಮಾಡಿದ. ರಕ್ತ ಕಂಡ ಗಾಬರಿ ಮೇಲಿನಿಂದ ಬಂತು, ಒಂದು ಕ್ಷಣ ಎದೆ ಓಡಿತು, ಆಮೇಲೆ ಇದ್ದಕ್ಕಿದ್ದ ಹಾಗೆ ಅವನು ಬ್ರೇಕನ್ನೂ ಜಗ್ಗಿ, ತೂಬುಗಳನ್ನೂ ಒಟ್ಟಿಗೇ ಬಿಟ್ಟುಬಿಟ್ಟ. ಎದೆ ನಿಧಾನ, ನಾಳಗಳೆಲ್ಲ ಸಡಿಲ, ಆಳು ನೆಲದ ಮೇಲೆ. ಇದನ್ನ ವೇಸೋವೇಗಲ್ ಅನ್ನುತ್ತಾರೆ. ಆಗಸ್ಟ್ 15ಕ್ಕೆ ಮೈದಾನದಲ್ಲಿ ಭಾಷಣ ಮುಗಿಯೋ ಹೊತ್ತಿಗೆ ಸಾಲಿನಲ್ಲಿ ನಿಂತ ಹುಡುಗರಲ್ಲಿ ಒಬ್ಬ ಬಿದ್ದೇ ಬೀಳುತ್ತಿದ್ದನಲ್ಲ, ಅದೂ ಹೆಚ್ಚಾಗಿ ಇದೇ. ಅಲ್ಲಾಡದೆ ನಿಂತರೆ ಮೀನಖಂಡದ ಪಂಪು ನಿಂತಿರುತ್ತದೆ, ಬಿಸಿಲಿಗೆ ಚರ್ಮದ ನಾಳ ತೆರೆದಿರುತ್ತದೆ, ತಿಂಡಿ ಬೇರೆ ತಿಂದಿರಲ್ಲ.

ಬಾಯಲ್ಲಿ ನೀರು, ತಣ್ಣನೆ ಬೆವರು, ಆಕಳಿಕೆ, ಕಿವಿಯಲ್ಲಿ ಗುಂಯ್, ಕಣ್ಣಿನ ಅಂಚು ಮಸುಕು. ಇವುಗಳಲ್ಲಿ ಎರಡು ಬಂದರೂ ಧೈರ್ಯ ತೋರಿಸಬೇಡಿ. ಮಲಗೋಕೆ ಜಾಗ ಇದ್ದರೆ ಮಲಗಿಬಿಡಿ. ಇಲ್ಲದಿದ್ದರೆ ಕಾಲ ಮೇಲೆ ಕಾಲು ಕತ್ತರಿ ಹಾಕಿ ತೊಡೆ, ಕುಂಡಿ, ಹೊಟ್ಟೆ ಎಲ್ಲ ಗಟ್ಟಿಯಾಗಿ ಬಿಗಿ ಮಾಡಿ. ಎರಡು ಕೈಯ ಬೆರಳುಗಳನ್ನ ಕೊಕ್ಕೆ ಹಾಕಿ ಎದೆ ಮುಂದೆ ಹಗ್ಗ ಜಗ್ಗಿದ ಹಾಗೆ ಎಳೆಯಿರಿ. ಹತ್ತು ಹದಿನೈದು ಸೆಕೆಂಡ್ ಬಿಗಿ, ಸ್ವಲ್ಪ ಸಡಿಲ, ಮತ್ತೆ ಬಿಗಿ. ಉಸಿರು ಕಟ್ಟಬೇಡಿ. ಬಿಗಿಯಾದ ಮಾಂಸ ರಕ್ತವನ್ನ ಹಿಂಡಿ ಮೇಲಕ್ಕೆ ಕಳಿಸುತ್ತದೆ, ಕತ್ತಿನಲ್ಲಿ ಮತ್ತೆ ಸದ್ದು ಶುರುವಾಗುತ್ತದೆ. ರಕ್ತ ಕೊಡುವಾಗ ಸೂಜಿ ಇರುವ ಕೈ ಬಿಟ್ಟು ಮಿಕ್ಕಿದ್ದನ್ನೆಲ್ಲ ಬಿಗಿ ಮಾಡಬಹುದು. ಈ ವರ್ಷ ಅದೇ ಲ್ಯಾಬಿಗೆ ಹೋಗಿ ಮೊದಲೇ "ನಾನು ಬೀಳೋ ಗಿರಾಕಿ, ಮಲಗಿಸಿ ತಗೊಳ್ಳಿ" ಅಂದೆ. ಅದೇ ಸಿಸ್ಟರ್. ಈ ಸಲ ನಗಲಿಲ್ಲ, ಹಾಸಿಗೆ ತೋರಿಸಿದರು.

ಯಾರಾದರೂ ಕಣ್ಣೆದುರು ಬಿದ್ದರೆ ನಮ್ಮ ಜನ ಮೊದಲು ಮಾಡುವ ಕೆಲಸ ಎತ್ತಿ ಕೂರಿಸುವುದು. ಅದೇ ತಪ್ಪು. ನೆಲವೇ ಔಷಧಿ, ಮಲಗಿಸಿ, ಕಾಲನ್ನ ಕುರ್ಚಿಯ ಮೇಲೋ ಬ್ಯಾಗಿನ ಮೇಲೋ ಎತ್ತಿಡಿ. ಬಾಯಿಗೆ ನೀರು ಹಾಕಬೇಡಿ. ಈರುಳ್ಳಿ ಮೂಸಿಸುವುದು, ಕೈಗೆ ಬೀಗದ ಕೈಗೊಂಚಲು ಕೊಡುವುದು ನಡೆದೇ ಇರುತ್ತದೆ, ಎಚ್ಚರ ಬಂದ ಮೇಲೆ ಕ್ರೆಡಿಟ್ಟೂ ಅದಕ್ಕೇ ಹೋಗುತ್ತದೆ. ಎಚ್ಚರ ಬಂದದ್ದು ಮಲಗಿದ್ದಕ್ಕೆ. ಒಂದೆರಡು ನಿಮಿಷದಲ್ಲಿ ಏಳದಿದ್ದರೆ 108ಕ್ಕೆ ಫೋನ್ ಮಾಡಿ.

ಉಸಿರು: ನಮ್ಮ ಕೈಗೆ ನೇರವಾಗಿ ಸಿಗುವ ಹಿಡಿ

ಉಸಿರಾಟ ವಿಚಿತ್ರ ಕೆಲಸ. ನಿದ್ದೆಯಲ್ಲಿ ಮಣಿಶಿರ ನಡೆಸುತ್ತದೆ, ಬೇಕೆಂದಾಗ ನಾವು ನಡೆಸಬಹುದು. ಮತ್ತೆ ನಾಡಿ ಹಿಡಿಯಿರಿ. ಐದು ಎಣಿಸುತ್ತ ಉಸಿರು ಎಳೆದುಕೊಳ್ಳಿ, ಐದು ಎಣಿಸುತ್ತ ಬಿಡಿ. ಎಳೆದಾಗ ನಾಡಿ ಚುರುಕು, ಬಿಟ್ಟಾಗ ನಿಧಾನ. ಎಳೆಯುವಾಗ ವೇಗಸ್ ಬ್ರೇಕ್ ಸಡಿಲವಾಗಿ, ಬಿಡುವಾಗ ಮತ್ತೆ ಬೀಳುತ್ತದೆ. ವಯಸ್ಸಾದಂತೆ ಈ ಏರಿಳಿತ ಕಮ್ಮಿಯಾಗುತ್ತದೆ. ಸಕ್ಕರೆ ಕಾಯಿಲೆ ಹಳೆಯದಾಗಿ ನರ ಹಾಳಾದವರಲ್ಲಿ ಇನ್ನೂ ಕಮ್ಮಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ನರಗಳ ಪರೀಕ್ಷೆಗೇ ಒಂದು ಲ್ಯಾಬ್ ಇದೆ, ಇಂಥ ಲ್ಯಾಬುಗಳಲ್ಲಿ ಹೀಗೇ ನಿಮಿಷಕ್ಕೆ 6 ಉಸಿರು ಆಡಿಸಿ ಇಸಿಜಿ ನೋಡುತ್ತಾರೆ.

ಆರೇ ಯಾಕೆ? ಕತ್ತಿನಿಂದ ಸುದ್ದಿ ಹೋಗಿ, ತೂಬು ಇಳಿದು, ಒತ್ತಡ ಸರಿಯಾಗಿ, ಮತ್ತೆ ಸುದ್ದಿ ಹೋಗುವ ಒಂದು ಸುತ್ತಿಗೆ ಸುಮಾರು 10 ಸೆಕೆಂಡ್. ಉಸಿರೂ 10 ಸೆಕೆಂಡಿಗೆ ಒಂದು ಆದರೆ ಎರಡೂ ತಾಳ ಕೂಡುತ್ತವೆ, ಜೋಕಾಲಿಯನ್ನ ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ. 2001ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ 23 ಜನರನ್ನ ಕೂರಿಸಿ ಲ್ಯಾಟಿನ್‌ನಲ್ಲಿ ಜಪಮಾಲೆ ಪ್ರಾರ್ಥನೆ, ಆಮೇಲೆ 'ಓಂ ಮಣಿ ಪದ್ಮೇ ಹುಂ' ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಹತ್ತಿರ ಬಂದು ನಿಂತಿತು, ಕತ್ತಿನ ಈ ಸುತ್ತು ಚುರುಕಾಯಿತು. ದೇವರು ಯಾರಾದರೇನು, ಸಾಲಿನ ಉದ್ದ ಸರಿ ಇತ್ತು.

ಗಾಬರಿಯಾದಾಗ, ನಿದ್ದೆ ಬಾರದಾಗ ಐದು ನಿಮಿಷ ಹೀಗೆ ಮಾಡಿ, ನನಗಂತೂ ಕೆಲಸ ಮಾಡುತ್ತದೆ. ಜೋರಾಗಿ ಎಳೆಯಬೇಡಿ, ತಲೆ ಹಗುರಾದರೆ ಉಸಿರು ಜಾಸ್ತಿ ಆಯಿತು ಅಂತ. ಆದರೆ ರೀಲ್ಸ್‌ನಲ್ಲಿ ಬರುವ 'ವೇಗಸ್ ರೀಸೆಟ್' ನಂಬಬೇಡಿ, ರೀಸೆಟ್ ಬಟನ್ ಅಂತ ಯಾವುದೂ ಇಲ್ಲ. ಅದರಲ್ಲೂ ಕತ್ತು ಒತ್ತಿ ಉಜ್ಜುವುದು ಬೇಡವೇ ಬೇಡ. ಅಲ್ಲಿ ಒತ್ತಿದರೆ ಒತ್ತಡ ಏರಿತು ಅಂತ ಸುಳ್ಳು ಸುದ್ದಿ ಹೋಗಿ ಎದೆ ಸಿಕ್ಕಾಪಟ್ಟೆ ನಿಧಾನವಾಗಬಹುದು, ವಯಸ್ಸಾದವರಲ್ಲಿ ನಾಳದೊಳಗಿನ ಕೊಬ್ಬು ಕಿತ್ತು ಮೆದುಳಿಗೆ ಹೋಗಬಹುದು.

ಮಾತ್ರೆಗಳ ವಿಷಯ

1921ರಲ್ಲಿ ಒಟ್ಟೊ ಲೋವಿ ಅನ್ನುವ ವಿಜ್ಞಾನಿ ಕನಸಿನಲ್ಲಿ ಹೊಳೆದ ಪ್ರಯೋಗವನ್ನ ರಾತ್ರಿಯೇ ಎದ್ದು ಹೋಗಿ ಮಾಡಿದರಂತೆ. ಒಂದು ಕಪ್ಪೆಯ ಹೃದಯದ ವೇಗಸ್ ನರ ಕೆರಳಿಸಿ ಅದು ನಿಧಾನವಾದ ಮೇಲೆ, ಅದರ ಸುತ್ತಲಿನ ದ್ರವವನ್ನ ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ಅಂದರೆ ಬ್ರೇಕ್ ಅನ್ನುವುದು ಒಂದು ರಾಸಾಯನಿಕ. 1936ರ ನೊಬೆಲ್ ಅವರಿಗೂ ಹೆನ್ರಿ ಡೇಲ್‌ಗೂ ಬಂತು.

ರಾಸಾಯನಿಕ ಅಂದ ಮೇಲೆ ಮಾತ್ರೆಯಿಂದ ಅದನ್ನ ತಡೆಯಬಹುದು, ಹೆಚ್ಚಿಸಬಹುದು. ಬೀಟಾ ಬ್ಲಾಕರ್ ಎದೆಯ ಓಟ ತಡೆಯುತ್ತದೆ. ಪ್ರಾಸ್ಟೇಟ್‌ಗೆ ಕೊಡುವ ಕೆಲವು ಮಾತ್ರೆಗಳು ಮೂತ್ರದ ದಾರಿ ಸಡಿಲ ಮಾಡುತ್ತವೆ, ಆದರೆ ಆ ಮಾತ್ರೆ ಬೀಗದ ಕೈಯಂತೆ ಹೋಗಿ ಕೂರುವ ಬೀಗ ರಕ್ತನಾಳದಲ್ಲೂ ಇರುವುದರಿಂದ ತೂಬನ್ನೂ ಸಡಿಲ ಬಿಡುತ್ತವೆ. ಅಪ್ಪ ಬೀಳುವ ಹದಿನೈದು ದಿನ ಮುಂಚೆ ಅಂಥದೊಂದು ಶುರುವಾಗಿತ್ತು, ಬಿಪಿ ಮಾತ್ರೆ ಮೊದಲೇ ಇತ್ತು. ಎರಡನ್ನೂ ಕೊಟ್ಟವರು ಬೇರೆ ಬೇರೆ ಡಾಕ್ಟರು, ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ನಾವೂ ಹೇಳಿರಲಿಲ್ಲ ಬಿಡಿ. ನೀವಾಗೇ ಮಾತ್ರೆ ನಿಲ್ಲಿಸಬೇಡಿ, ಅದು ಇನ್ನೂ ಅಪಾಯ.

ಎದೆನೋವಿನ ಜೊತೆ ಬಿದ್ದರೆ, ಓಡುವಾಗ ಮೆಟ್ಟಿಲು ಹತ್ತುವಾಗ ಬಿದ್ದರೆ, ಮಲಗಿದ್ದಾಗಲೇ ಎಚ್ಚರ ತಪ್ಪಿದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಹಠಾತ್ ಹೋಗಿದ್ದರೆ, ಮೇಲಿನದೆಲ್ಲ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಬರೀ ನಿಂತಾಗ ತಲೆಸುತ್ತು ಅಂದರೆ ಮಲಗಿದ, ನಿಂತ ಬಿಪಿಯನ್ನ ಮೂರು ನಾಲ್ಕು ದಿನ ಬೆಳಗ್ಗೆ ಸಂಜೆ ಬರೆದು ತೋರಿಸಿ. ಡಾಕ್ಟರು ಬರೆದುಕೊಟ್ಟ ಔಷಧಿ ಚೀಟಿಗಳು ಸಿಗದಿದ್ದರೆ ತೆಗೆದುಕೊಳ್ಳುತ್ತಿರುವ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ, ಕಣ್ಣಿನ ಡ್ರಾಪ್ಸು, ಆಯುರ್ವೇದದ ಪುಡಿ ಸೇರಿಸಿ, ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಟೇಬಲ್ ಮೇಲೆ ಸುರಿಯಿರಿ. ನಾವು ಹಾಗೇ ಮಾಡಿದ್ದು. ಹನ್ನೊಂದು ಥರ ಇತ್ತು. ಏಳಕ್ಕೆ ಇಳಿಸಿ ಕಳಿಸಿದರು.